ದಾರಿ ಕೇಳೋರಿಗೆ: ಬೋರ್ಡು ಓದಿದರೆ ಊರು ನೋಡಿದ ಹಾಗಾಯಿತೇ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಮಾತು. ರಜೆ ಬಂತು, ಕಾರಿದೆ, ದೂರದ ಊರಿಗೆ ಹೋಗಬೇಕು, ನಡುವೆ ಎಲ್ಲಿ ನಿಲ್ಲೋಣ? ಹೊಸ ಓದುಗರಿಗೆ ನನ್ನ ಪರಿಚಯ ಎರಡೇ ಸಾಲಿನಲ್ಲಿ: ಇಪ್ಪತ್ತೊಂಬತ್ತು ವರ್ಷ ಬಸ್ಸು ಓಡಿಸಿದವನು ನಾನು. ಅದರಲ್ಲಿ ಹೆಚ್ಚಿನದು ಬೆಂಗಳೂರು–ಬೆಳಗಾವಿ ದಾರಿ. ಅಷ್ಟು ವರ್ಷವೂ ದಾರಿಬದಿಯ ಕಂದು ಬಣ್ಣದ ಬೋರ್ಡುಗಳನ್ನು ಓದಿದ್ದೇ ಬಂತು. ಒಂದು ದಿನವೂ ಒಳಗೆ ತಿರುಗಿಸಿದವನಲ್ಲ, ತಿರುಗಿಸುವ ಹಾಗೂ ಇರಲಿಲ್ಲ. ನಿವೃತ್ತಿಯಾದ ಮೇಲೆ ಮನೆಯಾಕೆಯನ್ನೂ ಮೊಮ್ಮಗನನ್ನೂ ಕೂರಿಸಿಕೊಂಡು ಒಂದೊಂದೇ ಬೋರ್ಡಿನ ಸಾಲ ತೀರಿಸುತ್ತಿದ್ದೇನೆ.

ಪ್ರಶ್ನೆ: ಅಣ್ಣಾ, ಡಿಸೆಂಬರ್ ಕೊನೆಗೆ ಬೆಂಗಳೂರಿನಿಂದ ಬೆಳಗಾವಿಗೆ, ನಮ್ಮ ಯಜಮಾನರ ಊರಿಗೆ ಹೊರಟಿದ್ದೇವೆ. ಜೊತೆಗೆ ಎಪ್ಪತ್ತೆರಡರ ಅತ್ತೆ (ಮಂಡಿನೋವು), ಹನ್ನೊಂದರ ಮಗ, ಆರರ ಮಗಳು. ಯಜಮಾನರು ಸ್ಟೇರಿಂಗ್ ಹಿಡಿದರೆ ನಿಲ್ಲಿಸುವವರಲ್ಲ. ಹೋದ ವರ್ಷ ಮಗಳು ಎರಡು ಸಲ ವಾಂತಿ ಮಾಡಿಕೊಂಡಳು, ಮಗ ಮೊಬೈಲಿನಿಂದ ತಲೆ ಎತ್ತಲಿಲ್ಲ, ಅತ್ತೆ ಇಳಿಯುವಾಗ ಕಾಲು ಊರಲಾಗದೆ ಅತ್ತೇಬಿಟ್ಟರು. ಎಲ್ಲರಿಗೂ ಹಿಡಿಸುವಂಥ ಜಾಗಗಳನ್ನು ದಾರಿಯಲ್ಲೇ ಹೇಳಿ. ಗೂಗಲ್‌ನಲ್ಲಿ ಹುಡುಕಿದರೆ ಇಪ್ಪತ್ತಾರು ಜಾಗ ತೋರಿಸುತ್ತದೆ!
— ರಾಜಾಜಿನಗರದ ಓದುಗರು

ಉತ್ತರ: ತಂಗೀ, ಮೊದಲು ಆ ಇಪ್ಪತ್ತಾರರ ಪಟ್ಟಿಯನ್ನು ಮಡಚಿಡಿ. ಬೆಳಗಾವಿಗೆ ಐನೂರು ಕಿಲೋಮೀಟರು. ಒಂದು ದಿನದಲ್ಲಿ ನೋಡುವ ಜಾಗ ಅಂತ ಎರಡೇ ಇಟ್ಟುಕೊಳ್ಳಿ. ಉಳಿದವು ಊಟ, ಚಹಾ, ಕಾಲು ಸಡಿಲಿಸುವುದಕ್ಕೆ. ಇನ್ನೆರಡು ಜಾಗ ವಾಪಸ್ ಬರುವ ದಿನಕ್ಕಿರಲಿ. ಎಲ್ಲರೂ ಮಾಡುವ ತಪ್ಪೆಂದರೆ ಹೋಗುವಾಗಲೇ ಎಲ್ಲ ತುರುಕುವುದು, ಬರುವಾಗ ಸುಸ್ತಾಗಿ ಒಂದೇ ಏಟಿಗೆ ಓಡಿಬರುವುದು. ನೀವು ಊರು ಮುಟ್ಟುವ ಹೊತ್ತಿಗೆ ಅಲ್ಲಿ ಅಡುಗೆ ಮಾಡಿಕೊಂಡು ಕಾಯುತ್ತಿರುತ್ತಾರೆ. ಬರುವ ದಿನ ಹಾಗೆ ಕಾಯುವವರು ಯಾರೂ ಇಲ್ಲ. ನಿಧಾನ ಮಾಡುವುದಿದ್ದರೆ ಆ ದಿನ ಮಾಡಿ.

ಇನ್ನೊಂದು ಮಾತು. ಎಲ್ಲಿ ನಿಲ್ಲಬೇಕೆಂದು ನಿರ್ಧರಿಸುವವರು ನಿಮ್ಮ ಅತ್ತೆ, ಅವರ ಮಂಡಿ. ಮಕ್ಕಳು ಎಲ್ಲಿ ಬಿಟ್ಟರೂ ಆಡುತ್ತಾರೆ. ಅತ್ತೆಯವರಿಗೆ ಇಳಿದು ಹತ್ತು ಹೆಜ್ಜೆಗೆ ಕೂರುವ ಜಾಗ ಬೇಕು, ನೆರಳು ಬೇಕು. ಈ ಎರಡು ಇಲ್ಲದ ಕಡೆ ಎಷ್ಟೇ ಚೆಂದದ ಗುಡಿ ಇರಲಿ, ಆವತ್ತಿಗೆ ಬೇಡ.

ಬೆಳಿಗ್ಗೆ ಐದೂವರೆಗೆ ಮನೆ ಬಿಡಿ. ನೆಲಮಂಗಲ ದಾಟಿದರೆ ಅರ್ಧ ಗೆದ್ದ ಹಾಗೆ. ತುಮಕೂರಿಗೆ ಮುಂಚೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನಿ. ನಿಮ್ಮ ಮಗಳ ಹೊಟ್ಟೆಗೆ ಆ ಹೊತ್ತಿಗೆ ಅದಕ್ಕಿಂತ ಒಳ್ಳೆಯದಿಲ್ಲ. ವಡೆ, ಪೂರಿ ಕೊಡಿಸಬೇಡಿ. ಹಿಂದಿನ ಸೀಟಿನಲ್ಲಿ ಅವಳನ್ನು ನಡುವೆ ಕೂರಿಸಿ, ಎದುರಿನ ಗಾಜಿನಿಂದ ದೂರದ ರಸ್ತೆ ಕಾಣಬೇಕು.

ಸಿರಾ ಹತ್ತಿರ ಬಂದಾಗ ಮಗ ಮೊಬೈಲಿನಲ್ಲಿ ನೋಡಿ ‘ಕಗ್ಗಲಡು ಪಕ್ಷಿಧಾಮಕ್ಕೆ ಹೋಗೋಣ’ ಅನ್ನಬಹುದು. ಊರೊಳಗಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವ ಹಳ್ಳಿ ಅದು, ಜನ ಅವನ್ನು ಮನೆಮಕ್ಕಳಂತೆ ನೋಡಿಕೊಳ್ಳುತ್ತಾರೆ. ಆದರೆ ಹಕ್ಕಿ ಬಂದು ಗೂಡು ಹೂಡುವುದು ಶಿವರಾತ್ರಿಯ ಆಸುಪಾಸಿನಿಂದ ಮಳೆಗಾಲದವರೆಗೆ. ಡಿಸೆಂಬರಿನಲ್ಲಿ ಹೋದರೆ ಹುಣಸೆಕಾಯಿ ನೋಡಿ ಬರಬೇಕು. ಹಿರಿಯೂರಿನ ವಾಣಿವಿಲಾಸ ಸಾಗರವೂ ಈ ಸಲ ಬೇಡ, ಹೆದ್ದಾರಿಯಿಂದ ಹೋಗಿಬರುವುದಕ್ಕೇ ಒಂದು ಗಂಟೆ ಮೀರುತ್ತದೆ. ಹೇಳದೆ ಇರಲಾರೆ ಅಷ್ಟೇ. 1907ರಲ್ಲಿ ಮುಗಿದ ಅಣೆಕಟ್ಟು, 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲೇ. ಹಿರಿಯೂರಿನಲ್ಲಿ ಬಸ್ಸು ಹತ್ತುತ್ತಿದ್ದ ಮುದುಕರು ‘ಕೋಡಿ ನೋಡೋ ಯೋಗ ನಮಗಿಲ್ಲ ಬಿಡಪ್ಪ’ ಅನ್ನುತ್ತಿದ್ದರು. ನನಗೆ ಸಿಕ್ಕಿತು. ಅವರಲ್ಲಿ ಎಷ್ಟು ಜನರಿಗೆ ಸಿಕ್ಕಿತೋ.

ಮೊದಲ ದೊಡ್ಡ ನಿಲುಗಡೆ ಚಿತ್ರದುರ್ಗ. ಕೋಟೆಗೆ ಅಂದುಕೊಂಡಿರಿ ಅಲ್ಲವೇ? ಬೇಡ. ಕೋಟೆ ಹತ್ತಿ ಇಳಿಯುವುದಕ್ಕೆ ಮೂರು ಗಂಟೆಯಾದರೂ ಬೇಕು. ಅದು ನಿಲುಗಡೆಯಲ್ಲ, ಬೇರೆಯೇ ಒಂದು ಪ್ರಯಾಣ. ನೀವು ಚಂದ್ರವಳ್ಳಿಗೆ ಹೋಗಿ. ಬೆಟ್ಟದ ಮಗ್ಗುಲಲ್ಲಿ ಕೆರೆ, ಸುತ್ತ ಬಂಡೆ, ಮರ. ಅತ್ತೆಯವರು ಕೆರೆ ಕಡೆ ಮುಖ ಮಾಡಿ ಕೂರಲಿ. ಪಕ್ಕದಲ್ಲಿ ನೀವು ಕೂರಿ, ಫ್ಲಾಸ್ಕಿನ ಕಾಫಿ ಬಗ್ಗಿಸಿ. ಯಜಮಾನರು ಮಕ್ಕಳನ್ನು ಕರೆದುಕೊಂಡು ಅಂಕಲಿಮಠದ ಗವಿಗೆ ಇಳಿಯಲಿ. ನೆಲದಡಿಯ ಕೋಣೆಗಳು, ಒಂದರಿಂದ ಒಂದಕ್ಕೆ ತಲೆ ತಗ್ಗಿಸಿಕೊಂಡೇ ದಾಟಬೇಕು, ಕಗ್ಗತ್ತಲು. ಟಾರ್ಚ್ ಹಿಡಿದು ದಾರಿ ತೋರಿಸುವವರು ಅಲ್ಲಿ ಸಿಗುತ್ತಾರೆ, ಅವರಿಲ್ಲದೆ ಇಳಿಯಬೇಡಿ. ನನ್ನ ಮೊಮ್ಮಗ ಒಳಗಿದ್ದಷ್ಟು ಹೊತ್ತೂ ನನ್ನ ಅಂಗಿಯ ತುದಿ ಬಿಡಲಿಲ್ಲ. ಹೊರಗೆ ಬಂದವನೇ ‘ತಾತ, ನೀನು ಹೆದರಿಕೊಂಡೆ ಅಲ್ವಾ?’ ಅಂದ.

ನಿಮ್ಮ ಮಗನಿಗೆ ಇನ್ನೂ ಎರಡು ವಿಷಯ ಹೇಳಿ. ಕದಂಬರ ಮಯೂರಶರ್ಮ ಕೆರೆ ಕಟ್ಟಿಸಿದ್ದನ್ನು ಬರೆಸಿದ ಬಂಡೆಶಾಸನ ಅಲ್ಲೇ ಇದೆ, ಸಾವಿರದ ಆರುನೂರು ವರ್ಷಕ್ಕೂ ಹಳೆಯದು. ಮತ್ತೆ 1947ರಲ್ಲಿ ಮಾರ್ಟಿಮರ್ ವೀಲರ್ ಅನ್ನುವ ಪುರಾತತ್ತ್ವದ ದೊಡ್ಡ ವಿದ್ವಾಂಸರು ಬಂದು ಅಗೆಸಿದ ನೆಲ ಅದು. ಅಲ್ಲಿ ಶಾತವಾಹನರ ನಾಣ್ಯಗಳಷ್ಟೇ ಅಲ್ಲ, ರೋಮ್ ಚಕ್ರವರ್ತಿಗಳ ಕಾಲದ ನಾಣ್ಯಗಳೂ ಸಿಕ್ಕಿವೆ. ರೋಮಿನ ದುಡ್ಡು ದುರ್ಗಕ್ಕೆ ಹೇಗೆ ಬಂತು ಅಂತ ಕೇಳಿ ಸುಮ್ಮನಾಗಿ. ದಾವಣಗೆರೆಯವರೆಗೆ ಮೊಬೈಲ್ ಮರೆಯುತ್ತಾನೆ.

ದಾವಣಗೆರೆಯಲ್ಲಿ ಬೆಣ್ಣೆ ದೋಸೆ. ಯಾವ ಹೋಟೆಲ್ ಅಂತ ಕೇಳಬೇಡಿ, ಆ ಊರಿನಲ್ಲಿ ಅದನ್ನು ಹೇಳಿದವನಿಗೆ ಶತ್ರುಗಳೇ ಜಾಸ್ತಿ. ಸೌದೆ ಒಲೆ, ದಪ್ಪ ಕಾವಲಿ, ಎದುರಿಗೇ ಬೆಣ್ಣೆ ಮುದ್ದೆ ಕಂಡರೆ ಕೂತುಬಿಡಿ. ಮಗಳಿಗೆ ಮಾತ್ರ ‘ಖಾಲಿ’ ಹೇಳಿ. ಬೆಣ್ಣೆ ತಿನ್ನಿಸಿ ಕಾರು ಹತ್ತಿಸಿದರೆ ರಾಣೆಬೆನ್ನೂರಿನಲ್ಲಿ ಸೀಟು ತೊಳೆಯಬೇಕಾಗುತ್ತದೆ. ಈ ದೋಸೆಯ ಮೂಲ ಬೆಳಗಾವಿ ಕಡೆಯಿಂದ ಬಂದ ಒಬ್ಬ ಹೆಣ್ಣುಮಗಳ ಕೈ ಅಂತ ಅಲ್ಲಿನವರೇ ಹೇಳುತ್ತಾರೆ. ಅತ್ತೆಯವರ ಕಿವಿಗೆ ಹಾಕಿ, ಖುಷಿಪಡುತ್ತಾರೆ.

ಈಗ ನಿಮ್ಮ ಯಜಮಾನರಿಗೆ ಒಂದು ಮಾತು, ಪತ್ರಿಕೆಯನ್ನು ಅವರ ಮುಂದೆ ಹಿಡಿಯಿರಿ. ಸ್ವಾಮೀ, ಊಟವಾದ ಮೇಲೆ ಎರಡರಿಂದ ನಾಲ್ಕರವರೆಗಿನ ಹೊತ್ತಿದೆಯಲ್ಲ, ರಾತ್ರಿಯ ಕೊನೆಯ ಜಾವ ಬಿಟ್ಟರೆ ಡ್ರೈವರಿಗೆ ಅದೇ ಕೆಟ್ಟ ಹೊತ್ತು. ಕಣ್ಣು ತೆರೆದೇ ಇರುತ್ತದೆ, ರಸ್ತೆ ಕಾಣುತ್ತಿರುತ್ತದೆ, ಆದರೆ ಹಿಂದಿನ ಎರಡು ಕಿಲೋಮೀಟರು ಹೇಗೆ ದಾಟಿತು ಅಂತ ನೆನಪಿರುವುದಿಲ್ಲ. ನನಗೆ ಆಗಿದೆ, ಅದಕ್ಕೇ ಹೇಳುತ್ತಿದ್ದೇನೆ. ಹಿಂದೆ ಐವತ್ತು ಜನ ನಿದ್ದೆ ಮಾಡುತ್ತಿದ್ದರು. ಆವತ್ತು ಮೋಟೆಬೆನ್ನೂರಿನ ಹತ್ತಿರ ಬಸ್ಸು ಪಕ್ಕಕ್ಕೆ ಹಾಕಿ ತಲೆ ಮೇಲೆ ಒಂದು ಕೊಡ ನೀರು ಸುರಿದುಕೊಂಡೆ. ಕಂಡಕ್ಟರು ಏನೂ ಕೇಳಲಿಲ್ಲ, ಟವೆಲ್ ಕೊಟ್ಟ. ಹಾಗಾಗಿ ಎರಡನೆಯ ದೊಡ್ಡ ನಿಲುಗಡೆಯನ್ನು ಮೂರು ಗಂಟೆಯ ಸುಮಾರಿಗೇ ಇಡುತ್ತಿದ್ದೇನೆ. ಅದು ಮಕ್ಕಳಿಗೆ ಎಷ್ಟೋ ನಿಮಗೂ ಅಷ್ಟೇ.

ಅದು ಶಿಗ್ಗಾಂವಿ ಹತ್ತಿರದ ಗೊಟಗೋಡಿ. ಹೆದ್ದಾರಿಯ ಪಕ್ಕದಲ್ಲೇ ಉತ್ಸವ್ ರಾಕ್ ಗಾರ್ಡನ್, ಕಲಾವಿದ ಟಿ.ಬಿ. ಸೊಲಬಕ್ಕನವರ ಕನಸು. ಉತ್ತರ ಕರ್ನಾಟಕದ ಒಂದು ಹಳ್ಳಿಯನ್ನೇ ಆಳೆತ್ತರದ ಗೊಂಬೆಗಳಲ್ಲಿ ನಿಲ್ಲಿಸಿದ್ದಾರೆ. ಹೊಲದವರು, ಎತ್ತು, ಎಮ್ಮೆ, ಕಸುಬಿನವರು, ಮನೆಯೊಳಗಿನ ಹೆಂಗಸರು. ನಮ್ಮ ಮನೆಯಾಕೆ ದಾರಿಗೆ ಅಡ್ಡ ನಿಂತವನೊಬ್ಬನಿಗೆ ‘ಸ್ವಲ್ಪ ಸರೀಯಪ್ಪಾ’ ಅಂದಳು. ಅವನು ಸರಿಯಲಿಲ್ಲ, ಸಿಮೆಂಟಿನವನು. ನಿಮ್ಮ ಅತ್ತೆಯವರಿಗೆ ಇದೇ ಸರಿಯಾದ ಜಾಗ, ಯಾಕೆಂದರೆ ಇಲ್ಲಿ ವಿವರಿಸುವವರು ಅವರೇ ಆಗುತ್ತಾರೆ. ‘ಇದು ಕೂರಿಗೆ, ಇದರಾಗ ಬೀಜ ಬಿಡ್ತಿದ್ವಿ’ ಅಂತ ಅಜ್ಜಿ ಹೇಳತೊಡಗಿದರೆ ಮೊಮ್ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ಟಿಕೆಟ್ ಇದೆ. ಜಾಗ ದೊಡ್ಡದು, ಅತ್ತೆಯವರು ಪೂರ್ತಿ ಸುತ್ತಬೇಕಾಗಿಲ್ಲ, ಅರ್ಧ ನೋಡಿ ನೆರಳಿನಲ್ಲಿ ಕೂರಲಿ. ಅಲ್ಲಿಂದ ಹುಬ್ಬಳ್ಳಿ ದಾಟಿ, ಧಾರವಾಡದಲ್ಲಿ ಒಂದು ಕಿಲೋ ಫೇಡೆ ಕಟ್ಟಿಸಿಕೊಂಡು ಹೊರಟರೆ ರಾತ್ರಿ ಊಟದ ಹೊತ್ತಿಗೆ ಬೆಳಗಾವಿ.

ಬರುವ ದಿನದ ಎರಡು ಜಾಗ. ಬೆಳಗಾವಿ ಬಿಟ್ಟು ಐವತ್ತು ಕಿಲೋಮೀಟರಿಗೆ ಕಿತ್ತೂರು, ಹೆದ್ದಾರಿಯಿಂದ ಸ್ವಲ್ಪವೇ ಒಳಗೆ. 1824ರ ಅಕ್ಟೋಬರಿನಲ್ಲಿ ಚೆನ್ನಮ್ಮನ ಸೈನ್ಯ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆಯನ್ನು ಕೊಂದ ಜಾಗ. ಅರಮನೆಯಲ್ಲಿ ಈಗ ಉಳಿದಿರುವುದು ಬರೀ ಮೋಟುಗೋಡೆಗಳು, ದೊಡ್ಡವರು ‘ಇಷ್ಟೇನಾ’ ಅನ್ನುತ್ತಾರೆ. ಮಕ್ಕಳಿಗೆ ಒಂದೇ ಒಂದು ತೋರಿಸಿ: ಗೋಡೆಯಲ್ಲಿ ಒಂದು ದುಂಡನೆಯ ಕಿಂಡಿ ಇದೆ, ಧ್ರುವ ನಕ್ಷತ್ರ ನೋಡಲೆಂದು ಮಾಡಿದ್ದು. ಮೊಮ್ಮಗ ಹಗಲಿನಲ್ಲೇ ಅದಕ್ಕೆ ಕಣ್ಣಿಟ್ಟು ನಿಂತ. ‘ಏನು ಕಾಣ್ತು?’ ಅಂದೆ. ‘ನಕ್ಷತ್ರ ಇರೋ ಜಾಗ’ ಅಂದ.

ಎರಡನೆಯದು ಬಂಕಾಪುರ. ರಾಷ್ಟ್ರಕೂಟರ ಕಾಲದ ಬಂಕೆಯನ ಹೆಸರಿನ ಊರು. ಹಳೆಯ ಕೋಟೆಯೊಳಗೆ ನವಿಲುಧಾಮ, ಅದರ ನಡುವೆ ನೆಲಮಟ್ಟಕ್ಕಿಂತ ತಗ್ಗಿನಲ್ಲಿ ನಗರೇಶ್ವರ ಗುಡಿ. ಜನ ಕರೆಯುವುದು ಅರವತ್ತು ಕಂಬದ ಗುಡಿ ಅಂತ. ಎಣಿಸುವ ಕೆಲಸ ಮಗಳಿಗೆ ಬಿಡಿ, ಮೂರು ಸಲ ಎಣಿಸಿದರೆ ಮೂರು ಲೆಕ್ಕ ಬರುತ್ತದೆ. ಕಂಬದ ಮೇಲೆ ಕೈ ಆಡಿಸಲು ಹೇಳಿ. ಬಳೆ ತೊಡಿಸಿದ ಹಾಗೆ ಉಂಗುರ ಉಂಗುರ, ನುಣುಪು. ‘ಕಲ್ಲನ್ನ ಬುಗುರಿ ಥರ ತಿರುಗಿಸಿದ್ರಾ ತಾತ?’ ಅಂತ ನಮ್ಮವನು ಕೇಳಿದ. ತಮಾಷೆಗೆ ಕೇಳಿದ್ದಾದರೂ ಚಾಲುಕ್ಯರ ಕಾಲದ ಇಂಥ ಕಂಬಗಳನ್ನು ಕಡೆದದ್ದೇ ಹಾಗೆ, ಚರಕಿಗೆ ಹಾಕಿ ತಿರುಗಿಸಿ. ನವಿಲು ಹಾಡಹಗಲು ಪೊದೆಯಲ್ಲಿ ಅಡಗಿಬಿಡುತ್ತವೆ. ಬೆಳಿಗ್ಗೆ ಬೇಗ, ಇಲ್ಲವೇ ಇಳಿಹೊತ್ತಿನಲ್ಲಿ ಕಾಣುತ್ತವೆ. ನೀವು ಹೋಗುವ ಹೊತ್ತಿಗೆ ದನಿಯಾದರೂ ಕೇಳೀತು.

ಅತ್ತೆಯವರಿಗೆ ಇಷ್ಟವಿದ್ದರೆ ಮೋಟೆಬೆನ್ನೂರಿನ ಬಳಿ ಹೊರಳಿ ಬ್ಯಾಡಗಿಗೆ ಹೋಗಿ, ವರ್ಷದ ಮೆಣಸಿನಕಾಯಿ ತಗೊಳ್ಳಿ. ಹೊಸ ಮಾಲು ಆ ಹೊತ್ತಿಗೆ ಬರತೊಡಗಿರುತ್ತದೆ. ತಳಿ ಕಡ್ಡಿಯೋ ಡಬ್ಬಿಯೋ ಅನ್ನುವುದನ್ನು ಅವರಿಗೇ ಬಿಡಿ. ಸುಕ್ಕು ಸುಕ್ಕಾಗಿ, ಹಿಸುಕಿದರೆ ಬೆರಳಿಗೆ ಬಣ್ಣ ಹತ್ತಬೇಕು. ಖಾರ ಕಡಿಮೆ, ಕೆಂಪು ಜಾಸ್ತಿ. ತುಟಿಗೆ ಹಚ್ಚುವ ಬಣ್ಣಕ್ಕೂ ಇದರ ರಸ ಹೋಗುತ್ತದೆ ಅಂದರೆ ಮಗಳು ನಂಬುವುದಿಲ್ಲ. ಉಬ್ಬಸ ಇರುವವರು ಮಾತ್ರ ಕಾರಿನಲ್ಲೇ ಇರಲಿ. ರಾಶಿಯ ಹತ್ತಿರ ಹೋದರೆ ಗಟ್ಟಿ ಎದೆಯವರೂ ಸೀನುತ್ತಾರೆ. ಚೀಲ ಡಿಕ್ಕಿಗೆ ಹೋಗಲಿ, ಬಾಯಿ ಬಿಗಿಯಾಗಿ ಕಟ್ಟಿಸಿ. ಒಂದು ಸಲ ನಾವು ಸಡಿಲ ಕಟ್ಟಿ ತಂದು ಎಸಿ ಹಾಕಿದೆವು. ಮುಂದಿನದನ್ನು ಬರೆಯುವುದಿಲ್ಲ.

ಪ್ರಶ್ನೆ: ದೂರದ ಪ್ರಯಾಣವೆಂದರೆ ನಮ್ಮ ತಾಯಿ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ನಿಲ್ಲಿಸುತ್ತಾರೆ. ಎಷ್ಟು ಹೇಳಿದರೂ ಕೇಳುವುದಿಲ್ಲ. ಏನು ಮಾಡುವುದು?
— ಹಾವೇರಿಯ ಓದುಗರು

ಉತ್ತರ: ನಿಮ್ಮ ತಾಯಿ ಹಾಗೆ ಮಾಡುವುದಕ್ಕೆ ನನ್ನಂಥವರೇ ಕಾರಣ. ಒಂದು ಮಧ್ಯಾಹ್ನ ಸಿರಾ ದಾಟಿದ ಮೇಲೆ ವಯಸ್ಸಾದ ತಾಯಿಯೊಬ್ಬರು ಎದ್ದುಬಂದು ‘ಸ್ವಲ್ಪ ನಿಲ್ಲಿಸಪ್ಪ’ ಅಂದರು. ಹೊತ್ತಾಗಿತ್ತು, ‘ಇನ್ನೇನು ಹಿರಿಯೂರು ಬಂತಮ್ಮ’ ಅಂದೆ. ಹಿರಿಯೂರಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಅವರು ಸೀಟಿಗೆ ವಾಪಸ್ ಹೋಗಲಿಲ್ಲ, ಕಂಬ ಹಿಡಿದು ನಿಂತೇ ಬಂದರು. ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ ನನ್ನ ಕಡೆ ನೋಡಲಿಲ್ಲ. ಮುಖ ಇವತ್ತಿಗೂ ನೆನಪಿದೆ.

‘ನೀರು ಕುಡಿಯಮ್ಮ’ ಅನ್ನುವುದರಿಂದ ಆಗದು. ಎಲ್ಲಿ ನಿಲ್ಲುತ್ತೇವೆ ಅಂತ ಹೊರಡುವ ಮುಂಚೆ ಹೆಸರು ಹಿಡಿದು ಹೇಳಿ, ಹೇಳಿದ ಕಡೆ ತಪ್ಪದೆ ನಿಲ್ಲಿಸಿ. ಅವರಾಗಿ ಕೇಳುವ ಹಾಗೆ ಮಾಡಬೇಡಿ. ಒಂದೂವರೆ ಗಂಟೆಗೊಮ್ಮೆ ‘ನನಗೇ ಹೋಗಬೇಕು’ ಅಂತ ನೀವೇ ಇಳಿಯಿರಿ. ದೊಡ್ಡ ಪೆಟ್ರೋಲ್ ಬಂಕು, ಜನ ತುಂಬಿದ ಹೋಟೆಲು ಆರಿಸಿ. ಮನೆಯ ಸೊಸೆಯೋ ಮಗಳೋ ಮೊದಲು ಹೋಗಿ ನೋಡಿ ಬರಲಿ: ಬಾಗಿಲಿಗೆ ಚಿಲಕ ಇದೆಯೇ, ನೆಲ ಜಾರುತ್ತದೆಯೇ, ನೀರು ಬರುತ್ತದೆಯೇ. ಮಂಡಿ ಬಗ್ಗದವರಿಗೆ ಕುರ್ಚಿಯಂಥ ಕಮೋಡ್ ಇದೆಯೇ ಅನ್ನುವುದು ಎಲ್ಲಕ್ಕಿಂತ ಮುಖ್ಯ. ಸರಿಯಾದದ್ದು ಸಿಕ್ಕರೆ ಜಾಗ ಬರೆದಿಟ್ಟುಕೊಳ್ಳಿ. ನಮ್ಮ ಮನೆಯಾಕೆಯ ಪುಟ್ಟ ಡೈರಿಯಲ್ಲಿ ಗುಡಿಗಳಿಗಿಂತ ಈ ಪಟ್ಟಿಯೇ ಉದ್ದ.

ಪ್ರಶ್ನೆ: ನಿಮ್ಮ ಮಾತು ಕೇಳಿ ಏಪ್ರಿಲಿನಲ್ಲಿ ಚಿತ್ರದುರ್ಗದ ಕೋಟೆಗೆ ಹೋದೆವು. ಮಧ್ಯಾಹ್ನ ಹನ್ನೆರಡಕ್ಕೆ ಕಲ್ಲು ಕಾದ ಕಾವಲಿ. ಅರ್ಧಕ್ಕೇ ಇಳಿದೆವು, ಕೋತಿ ಬಂದು ಬಾಳೆಹಣ್ಣಿನ ಚೀಲ ಕಿತ್ತುಕೊಂಡಿತು. ಇದೇನು ಸಲಹೆ?
— ಗದಗಿನ ಓದುಗರು

ಉತ್ತರ: ತಪ್ಪು ನನ್ನದೇ. ‘ಹೋಗಿ’ ಅಂತ ಬರೆದೆ, ‘ಯಾವಾಗ’ ಅಂತ ಬರೆಯಲಿಲ್ಲ. ಬಂಡೆಯ ಕೋಟೆಗೆ ಬಾಗಿಲು ತೆಗೆದ ಕೂಡಲೇ ಹೋಗಬೇಕು, ಬಿಸಿಲೇರುವ ಮುಂಚೆ ಇಳಿಯಬೇಕು. ಹಿಂದಿನ ರಾತ್ರಿ ದುರ್ಗದಲ್ಲೇ ಉಳಿದರೆ ಮಾತ್ರ ಅದು ಸಾಧ್ಯ. ತಿನ್ನುವುದೆಲ್ಲ ಕಾರಿನಲ್ಲಿರಲಿ, ಕೈಯಲ್ಲಿ ನೀರಿನ ಬಾಟಲಿ ಸಾಕು. ಮತ್ತೊಮ್ಮೆ ಚಳಿಗಾಲದಲ್ಲಿ ಹೋಗಿ. ಆಗಲೂ ತುದಿಯವರೆಗೆ ಹತ್ತಲೇಬೇಕು ಅಂತಿಲ್ಲ. ಮದ್ದು ಅರೆಯುತ್ತಿದ್ದ ದೊಡ್ಡ ಬೀಸುಕಲ್ಲುಗಳ ಗುಂಡಿ ಹೆಚ್ಚು ಹತ್ತದೆಯೇ ಸಿಗುತ್ತದೆ. ಅಲ್ಲಿಂದ ತಣ್ಣೀರು ದೋಣಿ, ಅದರ ಹತ್ತಿರವೇ ಓಬವ್ವನ ಕಿಂಡಿ. ಗಂಡ ಉಣ್ಣಲು ಕೂತಾಗ ನೀರಿಗೆಂದು ಬಂದವಳು ಅವಳು. ನೀರಿನ ದೋಣಿಯನ್ನೂ ಕಿಂಡಿಯನ್ನೂ ಒಟ್ಟಿಗೆ ನೋಡಿದಾಗಲೇ ಆ ಕಥೆ ಮಕ್ಕಳ ತಲೆಯಲ್ಲಿ ಕೂರುವುದು. ಹಣ್ಣಿನ ದುಡ್ಡು ನನ್ನ ಲೆಕ್ಕಕ್ಕೆ ಬರೆದುಕೊಳ್ಳಿ.

ಪ್ರಶ್ನೆ: ತಾತ, ನಾನು ಏಳನೇ ಕ್ಲಾಸು. ಕಾರಲ್ಲಿ ಮೊಬೈಲ್ ನೋಡಿದರೆ ತಲೆ ಸುತ್ತುತ್ತದೆ, ನೋಡದಿದ್ದರೆ ಬೋರು.
— ಹುಬ್ಬಳ್ಳಿಯ ಹುಡುಗ

ಉತ್ತರ: ಕಣ್ಣು ‘ನಾನು ಅಲ್ಲಾಡ್ತಿಲ್ಲ’ ಅನ್ನುತ್ತದೆ, ಕಿವಿಯೊಳಗಿನ ಅಂಗ ‘ಅಲ್ಲಾಡ್ತಿದೀವಿ’ ಅನ್ನುತ್ತದೆ. ಇಬ್ಬರ ಜಗಳದಲ್ಲಿ ಹೊಟ್ಟೆ ಬಡವಾಗುತ್ತದೆ ಮರಿ. ಹೊರಗೆ ನೋಡುವ ಎರಡು ಆಟ ಹೇಳಿಕೊಡುತ್ತೇನೆ, ಎರಡೂ ಡ್ರೈವರುಗಳದು. ಮೊದಲನೆಯದು ಮೈಲಿಗಲ್ಲು. ನೆತ್ತಿ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ, ಕಿತ್ತಳೆಯಾದರೆ ಹಳ್ಳಿ ರಸ್ತೆ. ಬಣ್ಣ ಬದಲಾದದ್ದನ್ನು ಮೊದಲು ಕಂಡವರಿಗೆ ಒಂದು ಅಂಕ.

ಎರಡನೆಯದು ನಂಬರ್ ಪ್ಲೇಟು. ಬೆಂಗಳೂರು ಕಡೆಯಿಂದ ನಿಮ್ಮೂರಿಗೆ ಬರುವಾಗ ಕೆಎ 06 ತುಮಕೂರು, 16 ಚಿತ್ರದುರ್ಗ, 17 ದಾವಣಗೆರೆ, 68 ರಾಣೆಬೆನ್ನೂರು, 27 ಹಾವೇರಿ, ಕೊನೆಗೆ ನಿಮ್ಮ 63. ಇದೇ ಸಾಲಿನಲ್ಲಿ ಹಿಡಿಯಬೇಕು, ನಡುವಿನದು ತಪ್ಪಿದರೆ ಮುಂದೆ ಹೋಗುವಂತಿಲ್ಲ. ನಂಬರಿನಲ್ಲಿ ಎಫ್ ಅಕ್ಷರ ಬಂದರೆ ಅದು ಸರ್ಕಾರಿ ಬಸ್ಸು, ಅದಕ್ಕೆ ಎರಡು ಅಂಕ. ಡ್ರೈವರಿಗೆ ಕೈ ಬೀಸಿದರೆ, ಅವನೂ ಬೀಸಿದರೆ, ಐದು. ನಾನು ಯಾವತ್ತೂ ಬೀಸುತ್ತಿದ್ದೆ.

ಪ್ರಶ್ನೆ: ಈ ನಿಲ್ಲುವುದೆಲ್ಲ ಸುಮ್ಮನೆ ಟೈಮ್ ವೇಸ್ಟ್. ನಾನು ಬೆಂಗಳೂರಿನಿಂದ ಬೆಳಗಾವಿಗೆ ಆರೂವರೆ ಗಂಟೆಯಲ್ಲಿ ಹೋಗುತ್ತೇನೆ, ಒಂದೇ ಸಲ ಡೀಸೆಲ್‌ಗೆ ನಿಲ್ಲಿಸಿ. ಕುಟುಂಬವೂ ಜೊತೆಗಿರುತ್ತದೆ, ಯಾರೂ ದೂರು ಹೇಳಿಲ್ಲ.
— ಬೆಂಗಳೂರಿನ ಓದುಗರು

ಉತ್ತರ: ಸರಿ ಸ್ವಾಮಿ. ಮುಂದಿನ ಪತ್ರವನ್ನು ಹಿಂದಿನ ಸೀಟಿನವರಿಂದ ಬರೆಸಿ ಕಳಿಸಿ, ಪೂರ್ತಿ ಅಚ್ಚು ಹಾಕುತ್ತೇವೆ.